ಕೇಳಿದ್ದನ್ನು ಕೇಳಿಸುವವರು

ಒಳ್ಳೆಯ ಹಾಡೊಂದನ್ನು ಕೇಳಿದವನು ಸುಮ್ಮನೆ ಕುಳಿತಿರಲಾರನು. ಹಾಡು ಮುಗಿದೊಡನೆಯೇ ಅವನ ಮನಸ್ಸು ಮತ್ತೊಬ್ಬ ಕೇಳುಗನನ್ನು ಅರಸತೊಡಗುತ್ತದೆ. ‘ಇದನ್ನು ನೀನೂ ಒಮ್ಮೆ ಕೇಳು’ ಎಂದು ಗೆಳೆಯನಿಗೆ ಹೇಳಿದ ಹೊರತು ಅವನಿಗೆ ಸಮಾಧಾನವಿಲ್ಲ. ಕೈಯಲ್ಲಿರುವ ಹಣ್ಣನ್ನು ಹಂಚಿದರೆ ತನ್ನ ಪಾಲು ಕಡಮೆಯಾಗುತ್ತದೆ. ಕಿವಿಗೆ ದೊರೆತ ಸವಿಯನ್ನು ಹಂಚಿದರೆ ಹಾಗಾಗುವುದಿಲ್ಲ. ಕೊಟ್ಟವನ ಪಾಲೂ ಹಾಗೆಯೇ ಉಳಿಯುತ್ತದೆ, ಪಡೆದವನ ಪಾಲೂ ತುಂಬಿರುತ್ತದೆ.

ನಮ್ಮ ಪ್ರಾಚೀನ ಕಾವ್ಯಮೀಮಾಂಸಕರು ಕಲೆಯನ್ನು ಸವಿಯಬಲ್ಲವನಿಗೆ ‘ಸಹೃದಯ’ ಎಂಬ ಹೆಸರನ್ನು ಕೊಟ್ಟರು. ಕಲಾವಿದನ ಹೃದಯದೊಡನೆ ಮಿಡಿಯಬಲ್ಲ ಹೃದಯವುಳ್ಳವನೇ ಸಹೃದಯನು. ಹಾಡುವವನಿದ್ದು ಕೇಳುವವನಿಲ್ಲದಿದ್ದರೆ ಸಂಗೀತವು ಅರ್ಧ ದಾರಿಯಲ್ಲಿಯೇ ನಿಂತುಹೋಗುತ್ತದೆ. ಆದರೆ ಕೇಳಿ ತಲೆದೂಗಿದಲ್ಲಿಗೆ ಸಹೃದಯನ ಕೆಲಸ ಮುಗಿಯಿತೆ? ತಾನು ಮೆಚ್ಚಿದುದನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವುದೂ ಅವನ ಕೆಲಸವೇ ಅಲ್ಲವೆ? ಈ ಪ್ರಶ್ನೆಗೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಗ್ರಾಮಫೋನ್ ತಟ್ಟೆಯ ಚರಿತ್ರೆಯೇ ಅದಕ್ಕೆ ಸಾಕಷ್ಟು ನಿದರ್ಶನಗಳನ್ನು ಒದಗಿಸುತ್ತದೆ.

ಧ್ವನಿಮುದ್ರಣವು ಬರುವುದಕ್ಕೆ ಮೊದಲು ಸಂಗೀತವು ಹಾಡಿದ ಗಳಿಗೆಯಲ್ಲಿಯೇ ಕರಗಿಹೋಗುತ್ತಿತ್ತು. ಜಾತ್ರೆಯಲ್ಲಿಯೋ ಅರಮನೆಯ ದರ್ಬಾರಿನಲ್ಲಿಯೋ ನಡೆದ ಕಚೇರಿಯನ್ನು ಕೇಳಿ ಬಂದವನು ಊರಿನಲ್ಲಿ ಅದರ ವರ್ಣನೆಯನ್ನು ಮಾಡಬಹುದಾಗಿತ್ತು. ಗಾಯಕನ ಹೆಸರನ್ನು ಹೊಗಳಬಹುದಾಗಿತ್ತು. ಆದರೆ ಆ ಹಾಡನ್ನೇ ತಂದು ಕೊಡುವಂತಿರಲಿಲ್ಲ. ೧೮೭೭ರಲ್ಲಿ ಅಮೆರಿಕದ ಎಡಿಸನ್ ಎಂಬ ವಿಜ್ಞಾನಿಯು ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್ ಯಂತ್ರವನ್ನು ರಚಿಸಿದನು. ಹತ್ತು ವರ್ಷಗಳ ತರುವಾಯ, ೧೮೮೭ರಲ್ಲಿ, ಬರ್ಲಿನರ್ ಎಂಬಾತನು ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ಮುದ್ರಿಸುವ ವಿಧಾನವನ್ನು ಕಂಡುಹಿಡಿದನು. ಒಂದು ಮೂಲ ಅಚ್ಚಿನಿಂದ ಇಂತಹ ಸಾವಿರಾರು ತಟ್ಟೆಗಳನ್ನು ಒತ್ತಿ ತೆಗೆಯಬಹುದಾಗಿತ್ತು. ಅಚ್ಚುಕೂಟವು ಪುಸ್ತಕಕ್ಕೆ ಮಾಡಿದ ಉಪಕಾರವನ್ನು ಈ ತಟ್ಟೆಯು ಸಂಗೀತಕ್ಕೆ ಮಾಡಿತು.

೧೯೦೨ರಲ್ಲಿ ಈ ವಿದ್ಯೆಯು ಭಾರತಕ್ಕೆ ಬಂದಿತು. ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಬಂದ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿದನು. ಪ್ರತಿಯೊಂದು ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳುತ್ತಿದ್ದರು. ಆಗ ತಟ್ಟೆಗಳು ಜರ್ಮನಿಯ ಹ್ಯಾನೋವರ್ ನಗರದಲ್ಲಿ ತಯಾರಾಗುತ್ತಿದ್ದುದರಿಂದ, ಹಾಡಿದವರು ಯಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಾಗಿತ್ತು. ಕಲ್ಕತ್ತೆಯಲ್ಲಿ ಎತ್ತಿದ ದನಿಯು ಹೀಗೆ ಕಡಲು ದಾಟಿ ಹೋಗಿ, ತಟ್ಟೆಯಾಗಿ ಹಿಂದಿರುಗಿ, ಗಾಯಕಿಯು ಕಾಲಿಡದ ಊರುಗಳಲ್ಲಿಯೂ ಕೇಳತೊಡಗಿತು. ಈ ಗೌಹರ್ ಜಾನ್ ಅವರೇ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು ಅರಮನೆಯ ಗಾಯಕಿಯಾಗಿದ್ದು, ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡರು.

ಅಂದಿನ ತಟ್ಟೆಯ ಸ್ವರೂಪವನ್ನು ಇಲ್ಲಿ ತಿಳಿದುಕೊಳ್ಳುವುದು ಅವಶ್ಯ. ಅದರ ಮುಖ್ಯ ದ್ರವ್ಯವು ಅರಗು. ಮರದ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಈ ವಸ್ತುವು ಭಾರತದ ಕಾಡುಗಳಿಂದಲೇ ಹೆಚ್ಚಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ತಟ್ಟೆಯು ನಿಮಿಷಕ್ಕೆ ೭೮ ಸುತ್ತುಗಳಷ್ಟು ವೇಗದಲ್ಲಿ ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ೩ ನಿಮಿಷ, ಹನ್ನೆರಡು ಅಂಗುಲದ್ದರಲ್ಲಿ ೪ ನಿಮಿಷಕ್ಕಿಂತ ತುಸು ಹೆಚ್ಚು ಹಾಡು ಹಿಡಿಯುತ್ತಿತ್ತು. ಕೈಜಾರಿ ಬಿದ್ದರೆ ತಟ್ಟೆಯು ಮಡಕೆಯಂತೆ ಒಡೆಯುತ್ತಿತ್ತು. ಅರ್ಧ ಗಂಟೆಯ ಪಾಶ್ಚಾತ್ಯ ಕೃತಿಯೊಂದನ್ನು ಪೂರ್ತಿಯಾಗಿ ಕೇಳಬೇಕಾದರೆ ನಾಲ್ಕು ತಟ್ಟೆಗಳಾದರೂ ಬೇಕಾಗುತ್ತಿದ್ದವು. ಅವುಗಳನ್ನು ಒಂದೊಂದು ಕಾಗದದ ಚೀಲದಲ್ಲಿರಿಸಿ, ಎಲ್ಲವನ್ನೂ ಸೇರಿಸಿ ಭಾವಚಿತ್ರಗಳ ಪುಸ್ತಕದಂತೆ ದಪ್ಪ ರಟ್ಟು ಹಾಕಿ ಮಾರುತ್ತಿದ್ದರು. ಆದುದರಿಂದಲೇ ಅದಕ್ಕೆ ‘ಆಲ್ಬಮ್’ ಎಂಬ ಹೆಸರು ಬಂದಿತು. ತಟ್ಟೆಗಳ ಆ ಪುಸ್ತಕವು ಮರೆಯಾದ ಮೇಲೂ ಹಾಡುಗಳ ಗುಚ್ಛಕ್ಕೆ ಅದೇ ಹೆಸರು ನಿಂತುಹೋಗಿದೆ.

ಯಂತ್ರವನ್ನೂ ತಟ್ಟೆಗಳನ್ನೂ ಕೊಂಡುಕೊಳ್ಳುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಆ ಕಾರಣದಿಂದಲೇ ಅದು ಒಬ್ಬನ ಸೊತ್ತಾಗಿ ಉಳಿಯದೆ ಹತ್ತು ಜನರ ಆನಂದವಾಯಿತು. ಯಂತ್ರವಿರುವ ಮನೆಯ ಜಗಲಿಯ ಮೇಲೆ ನೆರೆಹೊರೆಯವರು ಸೇರುತ್ತಿದ್ದರು. ಯಜಮಾನನು ಕೀಲಿ ಕೊಟ್ಟು, ಹೊಸ ಮುಳ್ಳನ್ನು ಸಿಕ್ಕಿಸಿ, ಯಾವ ತಟ್ಟೆಯನ್ನು ಮೊದಲು ಹಾಕಬೇಕೆಂದು ಯೋಚಿಸುತ್ತಿದ್ದನು. ಆ ಆಯ್ಕೆಯಲ್ಲಿಯೇ ಅವನ ಅಭಿರುಚಿಯು ವ್ಯಕ್ತವಾಗುತ್ತಿತ್ತು. ಪೇಟೆಯ ಅಂಗಡಿಗಳಲ್ಲಿ ದಾರಿಹೋಕರನ್ನು ಸೆಳೆಯುವುದಕ್ಕಾಗಿ ಗ್ರಾಮಫೋನನ್ನು ಹಾಡಿಸುತ್ತಿದ್ದುದೂ ಉಂಟು. ಅಂಗಡಿಯವನ ಉದ್ದೇಶ ವ್ಯಾಪಾರವಾಗಿದ್ದಿರಬಹುದು. ಆದರೆ ಬೀದಿಯಲ್ಲಿ ನಿಂತು ಕೇಳಿದ ಮಕ್ಕಳಲ್ಲಿ ಕೆಲವರು ಆ ಹಾಡನ್ನು ಜೀವಮಾನವಿಡೀ ಮರೆಯಲಿಲ್ಲ.

ಉತ್ತರ ಕರ್ನಾಟಕದ ಮೂವರು ಮಹಾಗಾಯಕರ ಬಾಲ್ಯವೇ ಇದಕ್ಕೆ ಸಾಕ್ಷಿ. ೧೯೧೩ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ ಅವರು ಬಾಲ್ಯದಲ್ಲಿ ಗ್ರಾಮಫೋನಿನ ದನಿ ಕೇಳಿದೊಡನೆ ಬೀದಿಗೆ ಓಡಿಬರುತ್ತಿದ್ದರು. ಕೇಳಿದುದನ್ನು ತಾವೂ ಹಾಡಲು ಯತ್ನಿಸುತ್ತಿದ್ದರು. ೧೯೨೪ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರು ಇನ್ನೂ ಎಳೆಯ ಬಾಲಕರಾಗಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ, ಅವುಗಳಲ್ಲಿದ್ದಂತೆಯೇ ಹಾಡಿ ತೋರಿಸಿ ಸಭಿಕರನ್ನು ಬೆರಗುಗೊಳಿಸುತ್ತಿದ್ದರು. ಮೂರನೆಯವರ ಕಥೆಯು ಇನ್ನೂ ವಿಸ್ಮಯಕರವಾದುದು.

ಗದಗ ಸೀಮೆಯ ಹುಡುಗನೊಬ್ಬನು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿದನು. ಅದರಲ್ಲಿದ್ದುದು ಝಿಂಝೋಟಿ ರಾಗದ ಒಂದು ಠುಮ್ರಿ. ಕೆಲವೇ ನಿಮಿಷಗಳ ಆ ಹಾಡು ಹುಡುಗನ ನೆಮ್ಮದಿಯನ್ನೇ ಕಸಿದುಕೊಂಡಿತು. ತಾನೂ ಹಾಗೆ ಹಾಡಬೇಕು, ಹಾಗೆ ಹಾಡಿಸಬಲ್ಲ ಗುರುವನ್ನು ಹುಡುಕಬೇಕು ಎಂಬ ಹಂಬಲವು ಅವನಲ್ಲಿ ಬಲಿಯಿತು. ೧೯೩೩ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಅವನು ಮನೆಯನ್ನು ಬಿಟ್ಟು ಹೊರಟನು. ಗ್ವಾಲಿಯರ್ ಮೊದಲಾದ ಉತ್ತರದ ಊರುಗಳನ್ನೆಲ್ಲ ಅಲೆದನು. ಕಡೆಗೆ ಅವನ ತಂದೆಯವರು ಅವನನ್ನು ಪಂಜಾಬಿನ ಜಲಂಧರದಲ್ಲಿ ಕಂಡುಹಿಡಿದು ಮನೆಗೆ ಕರೆತಂದರು. ದೇಶವೆಲ್ಲ ಸುತ್ತಿ ಹುಡುಕಿದ ಗುರುವು ಅವನಿಗೆ ದೊರೆತುದು ತನ್ನ ನಾಡಿನ ಕುಂದಗೋಳದಲ್ಲಿಯೇ. ಅಬ್ದುಲ್ ಕರೀಂ ಖಾನರ ಶಿಷ್ಯರಾಗಿದ್ದ ಸವಾಯಿ ಗಂಧರ್ವರು ೧೯೩೬ರಲ್ಲಿ ಅವನಿಗೆ ಪಾಠ ಹೇಳಲು ಒಪ್ಪಿದರು. ಆ ಹುಡುಗನೇ ಭೀಮಸೇನ ಜೋಶಿ. ಮುಂದೆ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಆ ಮಹಾಗಾಯಕರ ಸಾಧನೆಯ ಮೊದಲ ಹೆಜ್ಜೆಗೆ ಕಾರಣವಾದುದು ಯಾರೋ ಒಬ್ಬರು ಹಾಕಿದ ಒಂದು ತಟ್ಟೆ. ಅದನ್ನು ಹಾಕಿದವನಿಗೆ ತಾನು ಎಂತಹ ಬೀಜವನ್ನು ಬಿತ್ತಿದೆನೆಂಬುದು ತಿಳಿದಿರಲು ಸಾಧ್ಯವಿರಲಿಲ್ಲ.

ಅಂಗಡಿಯಲ್ಲಿ ಹಾಡುತ್ತಿದ್ದುದು ಆಗಲೇ ಮುದ್ರಣವಾಗಿದ್ದ ಸಂಗೀತ. ಆದರೆ ಮುದ್ರಣವೇ ಆಗದ ಸಂಗೀತದ ಗತಿಯೇನು? ತಟ್ಟೆಗಳನ್ನು ತಯಾರಿಸುವವರು ವ್ಯಾಪಾರಿಗಳು. ಬಹು ಜನರು ಕೊಳ್ಳುವುದನ್ನು ಅವರು ಮುದ್ರಿಸುತ್ತಾರೆ. ಕೆಲವರೇ ಕೊಳ್ಳುವುದನ್ನು ಕೈಬಿಡುತ್ತಾರೆ. ಇದರಲ್ಲಿ ಅವರನ್ನು ದೂಷಿಸಿ ಫಲವಿಲ್ಲ. ಆದರೆ ಶ್ರೇಷ್ಠವಾದುದಕ್ಕೆಲ್ಲ ಮೊದಲ ದಿನವೇ ಬಹು ಜನ ಕೇಳುಗರು ದೊರೆಯುವುದಿಲ್ಲ. ಅಂತಹ ಸಂಗೀತದ ಪಕ್ಷವಹಿಸಿ ಮಾತನಾಡುವವರು ಯಾರು? ಕೇಳಿ ಮೆಚ್ಚಿದವರೇ ಮಾತನಾಡಬೇಕು.

ಇಂಗ್ಲೆಂಡಿನ ಸಂಗೀತಪ್ರಿಯರು ಈ ಮಾತನ್ನು ಕಾರ್ಯರೂಪಕ್ಕೆ ತಂದರು. ಕಾಂಪ್ಟನ್ ಮೆಕೆಂಜಿ ಎಂಬ ಕಾದಂಬರಿಕಾರನು ೧೯೨೩ರಲ್ಲಿ ‘ದಿ ಗ್ರಾಮಫೋನ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಹೊಸದಾಗಿ ಬಂದ ತಟ್ಟೆಗಳಲ್ಲಿ ಯಾವುದು ಕೇಳತಕ್ಕುದು, ಏಕೆ ಕೇಳತಕ್ಕುದು ಎಂಬುದನ್ನು ಓದುಗರಿಗೆ ತಿಳಿಸುವುದು ಅದರ ಕೆಲಸವಾಗಿತ್ತು. ಇದರ ಮುಂದಿನ ಹೆಜ್ಜೆಯನ್ನು ಇಟ್ಟವನು ವಾಲ್ಟರ್ ಲೆಗ್. ಹ್ಯೂಗೋ ವೂಲ್ಫ್ ಎಂಬ ಆಸ್ಟ್ರಿಯದ ಸಂಗೀತ ರಚನಕಾರನ ಗೀತೆಗಳನ್ನು ಅವನು ಬಹುವಾಗಿ ಮೆಚ್ಚಿದ್ದನು. ನಾಯಿ ಗುರುತಿನ ತಟ್ಟೆಗಳೆಂದು ನಮ್ಮ ನಾಡಿನಲ್ಲಿಯೂ ಮನೆಮಾತಾಗಿದ್ದ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅವನು ೧೯೩೧ರಲ್ಲಿ ಒಂದು ಉಪಾಯವನ್ನು ಮುಂದಿಟ್ಟನು. ೫೦೦ ಮಂದಿ ಕೇಳುಗರು ಮುಂಗಡವಾಗಿ ಚಂದಾ ಕೊಡುವುದಾದರೆ ವೂಲ್ಫನ ಗೀತೆಗಳ ಆಲ್ಬಮ್ ಒಂದನ್ನು ಹೊರತರಬಹುದು ಎಂಬುದೇ ಆ ಉಪಾಯ. ಬೇಕಾದಷ್ಟು ಚಂದಾದಾರರು ದೊರೆತರು, ಆಲ್ಬಮ್ ಹೊರಬಂದಿತು. ಬೇರೆ ರಚನಕಾರರ ಕೃತಿಗಳಿಗಾಗಿಯೂ ಇಂತಹ ‘ಸೊಸೈಟಿ’ಗಳು ಹುಟ್ಟಿದವು. ಚದುರಿಹೋಗಿದ್ದ ಕೇಳುಗರು ಒಟ್ಟುಗೂಡಿದಾಗ ವ್ಯಾಪಾರದ ಲೆಕ್ಕವೂ ಅವರಿಗೆ ತಲೆಬಾಗಿತು.

ಈ ಸೊಸೈಟಿಗಳ ಚರಿತ್ರೆಯಲ್ಲಿ ಮೈಸೂರಿನ ಹೆಸರೂ ಗೌರವದಿಂದ ಸೇರಿಕೊಂಡಿದೆ. ೧೯೪೦ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಜಯಚಾಮರಾಜ ಒಡೆಯರು ೧೯೧೯ರಲ್ಲಿ ಜನಿಸಿದವರು. ಅವರು ಪಿಯಾನೋ ವಾದನದಲ್ಲಿ ಕ್ರಮವಾದ ಶಿಕ್ಷಣವನ್ನು ಪಡೆದಿದ್ದರು. ರಾಜ್ಯಭಾರದ ಹೊಣೆಯು ಹೆಗಲಿಗೇರಿದ ಮೇಲೆಯೂ ಅವರ ಸಂಗೀತಾಸಕ್ತಿ ಕುಂದಲಿಲ್ಲ. ಅವರ ಸಂಗ್ರಹದಲ್ಲಿ ಸಾವಿರಾರು ಧ್ವನಿಮುದ್ರಿಕೆಗಳಿದ್ದವು. ಹೀಗೆ ಕೇಳಿ ಕೇಳಿ ಹದಗೊಂಡಿದ್ದ ಅವರ ಅಭಿರುಚಿಗೆ ನಿಕೊಲಾಯ್ ಮೆಡ್ಟ್‌ನರ್ ಎಂಬ ರಷ್ಯನ್ ರಚನಕಾರನ ಸಂಗೀತವು ಬಹಳವಾಗಿ ಹಿಡಿಸಿತು.

ಮೆಡ್ಟ್‌ನರನು ೧೮೮೦ರಲ್ಲಿ ಮಾಸ್ಕೋದಲ್ಲಿ ಜನಿಸಿದನು. ಪಿಯಾನೋ ವಾದನದಲ್ಲಿಯೂ ರಚನೆಯಲ್ಲಿಯೂ ಅವನು ಸಮರ್ಥನು. ಸುಪ್ರಸಿದ್ಧನಾದ ರಾಖ್ಮನಿನೋಫನು ಅವನ ಆಪ್ತಮಿತ್ರನು. ೧೯೨೧ರಲ್ಲಿ ತಾಯ್ನಾಡನ್ನು ಬಿಟ್ಟ ಅವನು ಹಲವು ದೇಶಗಳನ್ನು ಸುತ್ತಿ ಕಡೆಗೆ ಇಂಗ್ಲೆಂಡಿನಲ್ಲಿ ನೆಲೆಸಿದನು. ಕಾಲದ ಒಲವು ಹೊಸ ಬಗೆಯ ಸಂಗೀತದ ಕಡೆಗೆ ಹರಿಯುತ್ತಿತ್ತು. ಹಳೆಯ ಸಂಪ್ರದಾಯವನ್ನು ಬಿಡದ ಅವನ ಕೃತಿಗಳಿಗೆ ಕೇಳುಗರು ಕಡಮೆಯಾಗಿದ್ದರು. ಎರಡನೆಯ ಮಹಾಯುದ್ಧವು ಆರಂಭವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತುಹೋಯಿತು. ಆರೋಗ್ಯವೂ ಕೆಟ್ಟಿತು. ಅವನ ಕೈಬೆರಳುಗಳಲ್ಲಿದ್ದ ಸಂಗೀತವು ಅವನೊಡನೆಯೇ ಮಣ್ಣಾಗುವ ಕಾಲ ಸಮೀಪಿಸಿತ್ತು.

ಅಂತಹ ಸಮಯದಲ್ಲಿ ಮೈಸೂರಿನ ಮಹಾರಾಜರು ನೆರವಿಗೆ ಬಂದರು. ಅವರು ಮೆಡ್ಟ್‌ನರ್ ಸೊಸೈಟಿಯನ್ನು ಸ್ಥಾಪಿಸಿ, ರಚನಕಾರನೇ ತನ್ನ ಕೃತಿಗಳನ್ನು ನುಡಿಸಿ ಮುದ್ರಿಸುವುದಕ್ಕೆ ಬೇಕಾದ ವೆಚ್ಚವನ್ನು ವಹಿಸಿಕೊಂಡರು. ೧೯೪೭ರಲ್ಲಿ ಮೆಡ್ಟ್‌ನರನು ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ತನ್ನ ಮೂರು ಪಿಯಾನೋ ಕಾನ್‌ಚೆರ್ಟೋಗಳನ್ನು ಮುದ್ರಿಸಿದನು. ಪಿಯಾನೋ ವಾದನವು ಮುಂದಾಳಾಗಿ, ದೊಡ್ಡ ವಾದ್ಯವೃಂದವು ಅದರೊಡನೆ ಸಂವಾದಿಸುವ ವಿಸ್ತಾರವಾದ ಕೃತಿಗೆ ಕಾನ್‌ಚೆರ್ಟೋ ಎಂದು ಹೆಸರು. ಇವಲ್ಲದೆ ಹಲವು ಬಿಡಿ ರಚನೆಗಳೂ ಗೀತೆಗಳೂ ಮುದ್ರಣಗೊಂಡವು. ಕೃತಜ್ಞನಾದ ಮೆಡ್ಟ್‌ನರನು ತನ್ನ ಮೂರನೆಯ ಕಾನ್‌ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ೧೯೫೧ರ ನವೆಂಬರಿನಲ್ಲಿ ಅವನು ಲಂಡನ್ನಿನಲ್ಲಿ ಮರಣ ಹೊಂದಿದನು. ಆದರೆ ಆ ಹೊತ್ತಿಗೆ ಅವನ ವಾದನವು ತಟ್ಟೆಗಳಲ್ಲಿ ಸುರಕ್ಷಿತವಾಗಿ ಸೇರಿತ್ತು. ಮುಂದೆ ಅವು ಕಾಂಪ್ಯಾಕ್ಟ್ ಡಿಸ್ಕುಗಳಾಗಿಯೂ ಹೊರಬಂದವು. ತನ್ನ ಕೃತಿಯನ್ನು ಮೆಡ್ಟ್‌ನರನು ಸ್ವತಃ ಹೇಗೆ ನುಡಿಸುತ್ತಿದ್ದನೆಂದು ಇಂದಿನ ಪಿಯಾನೋ ವಾದಕನು ತಿಳಿಯಬಯಸಿದರೆ, ಮೈಸೂರಿನ ಕೇಳುಗರೊಬ್ಬರ ಮೆಚ್ಚುಗೆಯಿಂದ ಉಳಿದುಬಂದ ಆ ಮುದ್ರಣಗಳಿಗೇ ಕಿವಿಗೊಡಬೇಕು.

ಮಹಾರಾಜರ ಔದಾರ್ಯವು ಇಲ್ಲಿಗೇ ನಿಲ್ಲಲಿಲ್ಲ. ೧೯೪೮ರಲ್ಲಿ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅವರ ಸಂಗೀತ ಪ್ರತಿಷ್ಠಾನದ ಆಶ್ರಯದಲ್ಲಿ, ಅಷ್ಟಾಗಿ ಪ್ರಚಾರದಲ್ಲಿಲ್ಲದ ಕೃತಿಗಳು ಮುದ್ರಣಗೊಂಡವು. ರಷ್ಯದ ಬಲಾಕಿರೆವನ ಮೊದಲನೆಯ ಸಿಂಫನಿಯನ್ನು ೧೯೪೯ರಲ್ಲಿ ಕರಾಯನ್ ಎಂಬ ಹೆಸರಾಂತ ನಿರ್ದೇಶಕನು ಮುದ್ರಿಸಿದುದು ಹೀಗೆ. ಜರ್ಮನಿಯ ರಿಚರ್ಡ್ ಸ್ಟ್ರಾಸನು ೧೯೪೮ರಲ್ಲಿ ತನ್ನ ಮುಪ್ಪಿನ ಕಾಲದಲ್ಲಿ ರಚಿಸಿದ ನಾಲ್ಕು ಗೀತೆಗಳು ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊತ್ತಮೊದಲು ಹಾಡಲ್ಪಟ್ಟವು. ಅವುಗಳನ್ನು ಕೇಳಲು ಸ್ಟ್ರಾಸನು ಬದುಕಿರಲಿಲ್ಲ, ೧೯೪೯ರಲ್ಲಿಯೇ ತೀರಿಕೊಂಡಿದ್ದನು. ಆ ಕಚೇರಿಗೆ ೪,೮೦೦ ಡಾಲರುಗಳ ಭರವಸೆಯನ್ನು ಕೊಟ್ಟವರು ಜಯಚಾಮರಾಜ ಒಡೆಯರು. ತಾವು ಅಲ್ಲಿಗೆ ಹೋಗಲಾಗದಿದ್ದುದರಿಂದ ಅದರ ಧ್ವನಿಮುದ್ರಣವನ್ನು ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು. ಆ ಸಂಜೆಯ ಹಾಡುಗಾರಿಕೆಯು ಕಾಲಾನಂತರದಲ್ಲಿ ಲೋಕದ ಕೇಳುಗರಿಗೂ ದೊರೆಯಿತು.

ಹೊರದೇಶದ ಸಂಗೀತಕ್ಕೆ ಇಷ್ಟು ಮನಸೋತವರು ತಮ್ಮ ನಾಡಿನ ಸಂಗೀತವನ್ನು ಕಡೆಗಣಿಸಿದರೆಂದು ಯಾರೂ ಭಾವಿಸಬಾರದು. ಜಯಚಾಮರಾಜ ಒಡೆಯರು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ೯೪ ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಒಂದು ಸಂಗೀತದ ಮೇಲಣ ಪ್ರೀತಿಯು ಮತ್ತೊಂದಕ್ಕೆ ಅಡ್ಡಿಯಾಗಲಿಲ್ಲ. ಪರರ ಸಂಗೀತಕ್ಕೆ ತೆರೆದ ಕಿವಿಯು ತನ್ನದನ್ನು ಇನ್ನೂ ಚೆನ್ನಾಗಿ ಕೇಳಿಸಿಕೊಂಡಿತು.

ಕಾಲಕ್ರಮದಲ್ಲಿ ಹಂಚುವ ಸಾಧನಗಳು ಬದಲಾದವು. ೧೯೪೮ರಲ್ಲಿ ಒಂದು ಮಗ್ಗುಲಿನಲ್ಲಿಯೇ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡುವ ದೀರ್ಘಾವಧಿಯ ತಟ್ಟೆ ಬಂದಿತು. ೧೯೬೩ರಲ್ಲಿ ಬಂದ ಕ್ಯಾಸೆಟ್ಟು ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾಗಿತ್ತು. ಅದು ಕೇಳುಗನ ಕೈಗೆ ಹೊಸ ಶಕ್ತಿಯನ್ನು ಕೊಟ್ಟಿತು: ತನಗೆ ಪ್ರಿಯವಾದ ಹಾಡುಗಳನ್ನು ಆರಿಸಿ, ತಾನೇ ಮುದ್ರಿಸಿಕೊಂಡು, ಕಾಗದದ ಮೇಲೆ ಹೆಸರುಗಳನ್ನು ಬರೆದು ಗೆಳೆಯನಿಗೆ ಕೊಡಬಹುದಾಯಿತು. ೧೯೮೨ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಮಾರುಕಟ್ಟೆಗೆ ಬಂದಿತು. ಇಂದು ಅಂಗೈಯಗಲದ ದೂರವಾಣಿಯೊಂದರಲ್ಲಿ ಲೋಕದ ಸಂಗೀತವೆಲ್ಲ ಬೆರಳು ಮುಟ್ಟಿದರೆ ಹಾಡುತ್ತದೆ.

ಹಿಂದೆ ಇದ್ದುದು ಬರಗಾಲದ ತೊಂದರೆ. ಇಂದಿನದು ಪ್ರವಾಹದ ತೊಂದರೆ. ಸಾವಿರ ಹಾಡುಗಳ ನಡುವೆ ಕೇಳತಕ್ಕ ಒಂದನ್ನು ಹುಡುಕುವುದೇ ಕಷ್ಟವಾಗಿದೆ. ಆ ಆಯ್ಕೆಯನ್ನು ಮಾಡಿಕೊಡುವ ಯಂತ್ರಗಳೂ ಇವೆ. ಒಬ್ಬನು ನಿನ್ನೆ ಏನನ್ನು ಕೇಳಿದನು, ಅವನಂತಹ ಇತರರು ಏನನ್ನು ಕೇಳಿದರು ಎಂಬುದನ್ನು ಲೆಕ್ಕಹಾಕಿ, ಇಂದು ಅದರಂತಹುದನ್ನೇ ಅವು ಮುಂದಿಡುತ್ತವೆ. ಇದರಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ತಾನು ಕೇಳಿ ಕಣ್ಣೀರು ತಂದುಕೊಂಡ ಹಾಡನ್ನು ಕೊಡುವ ಶಕ್ತಿಯು ಯಂತ್ರಕ್ಕಿಲ್ಲ. ಅದು ಯಾವ ಹಾಡಿಗೂ ಕಣ್ಣೀರು ಸುರಿಸಿದುದಲ್ಲ. ಭಾವಗೀತೆಗಳನ್ನು ಮಾತ್ರ ಕೇಳುವವನ ಕೈಗೆ ಶಹನಾಯಿಯ ಒಂದು ಆಲ್ಬಮನ್ನು ಇಟ್ಟು, ‘ನಂಬಿ ಕೇಳು’ ಎನ್ನುವ ಧೈರ್ಯವು ಅವನ ಮನಸ್ಸನ್ನು ಬಲ್ಲ ಗೆಳೆಯನಿಗೆ ಉಂಟು.

ಹಾಗೆಂದು ಮೆಚ್ಚಿದುದನ್ನು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೇಳುವುದಕ್ಕೂ ಒಂದು ಕ್ರಮವಿದೆ. ‘ಬಹಳ ಚೆನ್ನಾಗಿದೆ’ ಎಂಬ ಮಾತಿನಿಂದ ಕೇಳುವವನಿಗೆ ಯಾವ ದಾರಿಯೂ ತೋರುವುದಿಲ್ಲ. ಹಾಡಿದವರು ಯಾರು, ರಾಗ ಯಾವುದು, ಪಕ್ಕವಾದ್ಯದಲ್ಲಿ ಯಾರಿದ್ದಾರೆ, ಯಾವ ಎಡೆಯಲ್ಲಿ ಕಿವಿಗೊಟ್ಟು ಕೇಳಬೇಕು ಎಂಬುದನ್ನು ತಿಳಿಸಿದರೆ ಹೊಸಬನಿಗೆ ಒಂದು ಕೈದೀವಿಗೆ ಸಿಕ್ಕಂತಾಗುತ್ತದೆ. ತಾನು ಒಂದಕ್ಕಿಂತ ಹೆಚ್ಚು ಸಲ ಕೇಳದುದನ್ನು ಹೊಗಳಲು ಆತುರಪಡಬಾರದು. ಎಲ್ಲರೂ ಹೊಗಳುತ್ತಾರೆಂದು ತಾನೂ ಹೊಗಳಬಾರದು. ಗೆಳೆಯನಿಗೆ ಅದು ರುಚಿಸದಿದ್ದರೆ ಅವನನ್ನು ಅರಸಿಕನೆಂದು ಹಳಿಯಬಾರದು. ಮೊದಲ ಸಲ ಒಗರೆನಿಸಿದ ನೆಲ್ಲಿಕಾಯಿ ನೀರು ಕುಡಿದ ಮೇಲೆ ಸಿಹಿಯಾಗುವಂತೆ, ಕೆಲವು ಸಂಗೀತವು ತಡವಾಗಿ ಸವಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಡುವವನು ಕೊಳ್ಳಲೂ ಸಿದ್ಧನಾಗಿರಬೇಕು. ತನ್ನ ಆಯ್ಕೆಯನ್ನು ಇತರರು ಕೇಳಬೇಕೆಂದು ಬಯಸುವವನು ಇತರರ ಆಯ್ಕೆಗೂ ಅಷ್ಟೇ ಶ್ರದ್ಧೆಯಿಂದ ಕಿವಿಗೊಡಬೇಕು.

ಇನ್ನೊಂದು ಹೊಣೆಯೂ ಉಂಟು. ಹಾಡನ್ನು ಹಂಚುವ ಉತ್ಸಾಹದಲ್ಲಿ ಹಾಡಿದವರ ಹಕ್ಕನ್ನು ಮರೆಯಬಾರದು. ಕಲಾವಿದನ ಅನ್ನವನ್ನು ಕಸಿದು ಅವನ ಕಲೆಯನ್ನು ಹೊಗಳುವುದು ಬೇರನ್ನು ಕಡಿದು ಹೂವನ್ನು ಮೆಚ್ಚಿದಂತೆ. ನಿಜವಾದ ಮೆಚ್ಚುಗೆಯು ಕಲಾವಿದನಿಗೆ ಹೊಸ ಕೇಳುಗರನ್ನು ತಂದುಕೊಡುತ್ತದೆ.

ಮಹಾರಾಜರಂತೆ ಸಂಪತ್ತನ್ನು ವೆಚ್ಚಮಾಡಿ ಸಂಗೀತವನ್ನು ಉಳಿಸುವುದು ಎಲ್ಲರಿಂದಲೂ ಆಗತಕ್ಕುದಲ್ಲ. ಆದರೆ ಗದಗ ಸೀಮೆಯ ಅಂಗಡಿಯಲ್ಲಿ ತಟ್ಟೆಯನ್ನು ಹಾಕಿದ ಅನಾಮಧೇಯನು ಮಾಡಿದಷ್ಟನ್ನು ಯಾರಾದರೂ ಮಾಡಬಹುದು. ಅವನು ಹಾಡಲಿಲ್ಲ, ಹಾಡನ್ನು ರಚಿಸಲಿಲ್ಲ, ಒಂದು ಒಳ್ಳೆಯ ಹಾಡು ನಾಲ್ಕು ಜನರ ಕಿವಿಗೆ ಬೀಳುವಂತೆ ಮಾಡಿದನು. ಸಂಗೀತವು ಗುರುವಿನಿಂದ ಶಿಷ್ಯನಿಗೆ ಹರಿದುಬರುವ ವಿದ್ಯೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಕೇಳುಗನಿಂದ ಕೇಳುಗನಿಗೂ ಹರಿದುಬರುತ್ತದೆ. ಮೊದಲನೆಯ ಹರಿವು ನಿಂತರೆ ಹಾಡುವವರು ಇಲ್ಲದಾಗುತ್ತಾರೆ; ಎರಡನೆಯದು ನಿಂತರೆ ಹಾಡಿದ್ದೂ ಇಲ್ಲದಂತಾಗುತ್ತದೆ.